ಜರ್ಮನಿಯ ಬಿಲ್ಲೆಗಳನ್ನು ನಾನು ಎಸೆಯಲಿಲ್ಲ

ಇತಿಹಾಸ ಕಲಿಸಲು ಹೊಸದಾಗಿ ಸೇರುವವರಿಗೆ ಮೊದಲ ದಿನ ಹೇಳುವ ಮಾತು ಒಂದೇ: ಪರೀಕ್ಷೆಗೆ ಮುಂಚೆ ಪಾಠ ಮುಗಿಸಿ. ನನಗೂ ಅದನ್ನೇ ಹೇಳಿದ್ದರು. ನಾನು ಒಂದು ವರ್ಷವೂ ಹಾಗೆ ಪಾಠ ಮುಗಿಸಲಿಲ್ಲ. ಸಹಾಯಕ ಶಿಕ್ಷಕಿಯಾಗಿ ಸೇರಿದೆ, ಸಹಾಯಕ ಶಿಕ್ಷಕಿಯಾಗಿಯೇ ನಿವೃತ್ತಳಾದೆ. ಹೋದಲ್ಲೆಲ್ಲ ನನ್ನ ಹಿಂದೆ ಒಂದು ಟ್ರಂಕು ಬರುತ್ತಿತ್ತು. ಅದರ ತುಂಬ ನಾಜಿ ಕಾಲದ ಜರ್ಮನಿಯ ಬಿಲ್ಲೆಗಳು ಮತ್ತು ಚಿತ್ರದ ಕಾರ್ಡುಗಳು. ಅವುಗಳನ್ನು ಹೊಳೆಗೆ ಹಾಕಿ ಎಂದು ಹೇಳಿದ ಮೇಲಧಿಕಾರಿಗಳು ಒಬ್ಬಿಬ್ಬರಲ್ಲ. ಇವತ್ತಿಗೂ ಹಾಕಿಲ್ಲ. ಯಾಕೆಂದು ಹೇಳಬೇಕಾದರೆ ನನ್ನ ಕೆಲಸದ ಕಥೆಯನ್ನೇ ಹೇಳಬೇಕಾಗುತ್ತದೆ.

ನನ್ನ ಮೊದಲ ಶಾಲೆ ಸಾಗರದಲ್ಲಿ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿತ್ತು. ಊರಿನ ರಸ್ತೆಗಳ ಮೇಲೆ ದಿನವಿಡೀ ಲಾರಿ ಧೂಳು. ಒಂದು ದಿನ ಒಂಬತ್ತನೇ ತರಗತಿಯಲ್ಲಿ, "ಇತಿಹಾಸದಲ್ಲಿ ನಿಮಗೆ ತುಂಬ ಮೆಚ್ಚುಗೆಯಾದವರು ಯಾರು?" ಎಂದು ಕೇಳಿದೆ. ಮುಂದಿನ ಬೆಂಚಿನ ಚುರುಕಾದ ಹುಡುಗನೊಬ್ಬ ಎದ್ದು ಜರ್ಮನಿಯ ಆ ಸರ್ವಾಧಿಕಾರಿಯ ಹೆಸರು ಹೇಳಿದ. ಆ ಹೆಸರನ್ನು ಇಲ್ಲಿ ಬರೆದು ಅವನಿಗೆ ಇನ್ನೊಂದು ಸಾಲು ಕೊಡಲು ನನಗೆ ಮನಸ್ಸಿಲ್ಲ. ಯಾರೆಂದು ನಿಮಗೆ ಗೊತ್ತು.

"ಯಾಕಪ್ಪ?" ಎಂದೆ.

"ಶಿಸ್ತು ಟೀಚರ್. ಬ್ರಿಟಿಷರಿಗೆ ನೀರು ಕುಡಿಸಿದ. ನಮ್ಮ ದೇಶಕ್ಕೂ ಅಂಥವನೊಬ್ಬ ಬೇಕು ಅಂತಾರೆ ಅಪ್ಪಯ್ಯ."

ಇಡೀ ತರಗತಿ ತಲೆಯಾಡಿಸಿತು. ಮರುದಿನ ಕಪ್ಪುಹಲಗೆಯ ತುಂಬ ಆ ಸರ್ವಾಧಿಕಾರಿಯ ಅಪರಾಧಗಳನ್ನು ಬರೆದೆ. ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಅಕ್ಷರ ತಪ್ಪದೆ ಬರೆದರು. ಉತ್ತರ ಪತ್ರಿಕೆಗಳನ್ನು ಕಟ್ಟುತ್ತಿದ್ದಾಗ ನೋಡುತ್ತೇನೆ, ಆ ಚುರುಕು ಹುಡುಗ ತನ್ನ ಬೆಂಚಿನ ಮೇಲೆ ಕೈವಾರದ ಮೊನೆಯಿಂದ ನಾಜಿಗಳ ಓರೆ ಸ್ವಸ್ತಿಕವನ್ನು ನೀಟಾಗಿ ಕೆತ್ತಿದ್ದ. ಬರೆಸಿದ ಪಾಠ ಕಾಗದಕ್ಕೆ ಹೋಗುತ್ತದೆ, ಅಲ್ಲಿಯೇ ಉಳಿಯುತ್ತದೆ. ಇದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು.

ಆಗ ನಾನೂ ಅಮ್ಮನೂ ಬಾಡಿಗೆಗಿದ್ದದ್ದು ಬಸ್‌ಸ್ಟ್ಯಾಂಡಿನ ಹತ್ತಿರ, ರಾಮಣ್ಣನ ಹೋಟೆಲಿನ ಹಿಂದೆ. ರಾಮಣ್ಣ ಕುಂದಾಪುರದ ಕಡೆಯವನು. ವಯಸ್ಸಿನಲ್ಲಿದ್ದಾಗ ಹಡಗಿನಲ್ಲಿ ಅಡುಗೆಗಿದ್ದು ಊರೂರು ಸುತ್ತಿ, ಕೊನೆಗೆ ಘಟ್ಟ ಹತ್ತಿ ಬಂದು ಹೋಟೆಲು ಇಟ್ಟಿದ್ದ. ಅವನ ಗಲ್ಲಾಪೆಟ್ಟಿಗೆಯ ಮೇಲೆ, ಗಣಪತಿಯ ಪಟದ ಪಕ್ಕದಲ್ಲಿ, ಕೆಂಪು ಬಟ್ಟೆಗೆ ಚುಚ್ಚಿದ ಒಂದಿಷ್ಟು ತಗಡಿನ ಬಿಲ್ಲೆಗಳಿಗೆ ಗಾಜು ಹಾಕಿಸಿ ತೂಗುಹಾಕಿದ್ದ. ಗಿರಾಕಿಗಳು ಕಾಫಿಯ ದುಡ್ಡು ಕೊಟ್ಟು, ಗಣಪತಿಗೆ ಕೈ ಮುಗಿದು, ಅದೇ ಕೈಯಲ್ಲಿ ಅದಕ್ಕೂ ಮುಗಿದು ಹೋಗುತ್ತಿದ್ದರು. ಒಂದು ದಿನ ಹತ್ತಿರ ಹೋಗಿ ನೋಡಿದೆ. ಹದ್ದು, ಸುತ್ತಿಗೆ, ತೆನೆ, ಅವುಗಳ ನಡುವೆ ಓರೆಯಾಗಿ ನಿಂತ ಸ್ವಸ್ತಿಕ.

"ರಾಮಣ್ಣ, ಇವೆಲ್ಲ ಎಲ್ಲಿಯವು?"

"ಜರ್ಮನಿದು ಅಕ್ಕೋರೆ, ಹ್ಯಾಂಬರ್ಗ್ ಬಂದರಿಂದು. ಯುದ್ಧಕ್ಕಿಂತ ಮುಂಚೆ ನಮ್ಮ ಹಡಗು ಅಲ್ಲಿಗೆ ಹೋಗ್ತಿತ್ತು ಅಲ್ದಾ? ಬಂದರಿಗಿಳಿದ್ರೆ ಬೀದಿ ಬೀದೀಲಿ ಡಬ್ಬಿ ಹಿಡ್ಕಂಡು ನಿಂತಿರ್ತಿದ್ರು. ಬಡವ್ರಿಗೆ ಚಳಿಗಾಲದ ಸಹಾಯ ಅಂತ. ಕಾಸು ಹಾಕಿದ್ರೆ ಕೋಟಿಗೊಂದು ಬಿಲ್ಲೆ ಚುಚ್ತಿದ್ರು. ಮೆರವಣಿಗೆ ಇದ್ರೆ ಅದಕ್ಕೊಂದು, ಹಬ್ಬ ಇದ್ರೆ ಅದಕ್ಕೊಂದು. ಚಂದ ಇರ್ತಿತ್ತು ಮಾರಾಯ್ರೆ."

"ಕಾಸು ಹಾಕದಿದ್ದರೆ?"

"ಮುಂದಿನ ಮೂಲೇಲಿ ಇನ್ನೊಬ್ಬ ಹಿಡೀತಿದ್ದ. ಎದೆ ಖಾಲಿ ಇದ್ರೆ ಬೀದಿಯವ್ರೆಲ್ಲ ನೋಡುದೇ. ಅದ್ಕೇ ಎಲ್ಲರೂ ಚುಚ್ಚಿಸ್ಕಂಬುದು."

ಅವನು ಲೋಟ ಒರೆಸುವುದನ್ನು ನಿಲ್ಲಿಸಿದ. "ಅಲ್ಲೊಬ್ಬ ದರ್ಜಿ ಇದ್ದ. ಯಹೂದಿ. ನನ್ನ ಕೋಟಿಗೆ ಅಸ್ತರು ಹಾಕಿ ಕೊಟ್ಟಿದ್ದ. ಅವನ ಎದೆ ಮೇಲೆ ಮಾತ್ರ ಬಿಲ್ಲೆ ಇರ್ತಿರ್ಲಿಲ್ಲ, ಅವ್ರಿಗೆ ಚುಚ್ತಿರ್ಲಿಲ್ಲ. ಮರು ವರ್ಷ ಹೋದ್ರೆ ಅಂಗಡಿಗೆ ಬೇರೆ ಹೆಸ್ರು. ದರ್ಜಿ ಎಲ್ಲಿ ಅಂತ ಕೇಳಿದೆ. ಒಳಗಿದ್ದವ ನನ್ನ ಕೋಟಿನ ಬಿಲ್ಲೆ ನೋಡಿ ನಗಾಡಿದ. ಅಷ್ಟೇ."

ಆಗಲೇ ನಿಶ್ಚಯ ಮಾಡಿದೆ, ಈ ಮನುಷ್ಯ ನನ್ನ ತರಗತಿಗೆ ಬರಬೇಕು. ಹೆಡ್‌ಮಾಸ್ಟರು ಕೇಳಿ ಹೌಹಾರಿದರು. "ಹೋಟ್ಲಿನವನು ಬಂದು ಪಾಠ ಮಾಡೋದಾದ್ರೆ ನಿಮ್ಮನ್ನ ಯಾಕೆ ಇಟ್ಕೊಂಡಿದೀವಿ?" ಎಂದರು. "ಅವರನ್ನು ಕರೆಯುವುದಕ್ಕೆ ಸಾರ್" ಎಂದೆ. ಅನುಮತಿ ಸಿಗಲಿಲ್ಲ. ರಾಮಣ್ಣ ಬಂದ.

ಒಗೆದ ಪಂಚೆ ಉಟ್ಟು, ಬಿಲ್ಲೆಗಳ ಚೌಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬಂದ ರಾಮಣ್ಣ ಮೊದಲು ನಾಚಿಕೊಂಡ. ಆಮೇಲೆ ನನಗೆ ಹೇಳಿದ್ದನ್ನೇ ಮಕ್ಕಳಿಗೂ ಹೇಳಿದ. ಗಾಜು ಬಿಚ್ಚಿ ತೆಗೆದ ಬಿಲ್ಲೆಗಳು ಕೈಯಿಂದ ಕೈಗೆ ಹೋದವು. ಬೆಂಚಿನ ಮೇಲೆ ಕೆತ್ತಿದ್ದ ಹುಡುಗ ಹೇಳಿದ, "ನೀವು ಪೊಲೀಸ್ರ ಹತ್ರ ಹೇಳಬೇಕಿತ್ತು."

"ಪೊಲೀಸ್ರೂ ಚುಚ್ಕಂಡಿದ್ರು ಮಗಾ."

"ದರ್ಜಿ ಹೆಸರೇನು?"

ರಾಮಣ್ಣ ತಲೆ ಅಲ್ಲಾಡಿಸಿದ. "ಕೇಳಲೇ ಇಲ್ಲ" ಎಂದ. ಆ ಹುಡುಗ ಕೈಯಲ್ಲಿದ್ದ ಬಿಲ್ಲೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಅದುವರೆಗಿನ ನನ್ನ ಎಲ್ಲ ಪಾಠಗಳಿಗಿಂತ ಅದು ದೊಡ್ಡ ಪಾಠವಾಗಿತ್ತು. ಹೋಗುವಾಗ ರಾಮಣ್ಣ ಚೌಕಟ್ಟನ್ನು ನನ್ನ ಕೈಗೇ ಕೊಟ್ಟ. "ಅಲ್ಲಿದ್ರೆ ಜನ ಕೈ ಮುಗೀತಾರೆ. ನಿಮ್ಮ ಹತ್ರವೇ ಇರ್ಲಿ."

ನನ್ನ ಸಂಗ್ರಹ ಶುರುವಾದದ್ದು ಹಾಗೆ. ಆಮೇಲೆ ಹುಚ್ಚು ಹಿಡಿಯಿತೆಂದೇ ಹೇಳಬೇಕು. ಯುದ್ಧದಲ್ಲಿ ಇಟಲಿಯವರೆಗೆ ಹೋಗಿ ಬಂದಿದ್ದ ಸಿಪಾಯಿಯೊಬ್ಬರು ತಮ್ಮ ಚೀಲದ ತಳದಿಂದ ಕೆಲವನ್ನು ತೆಗೆದುಕೊಟ್ಟರು. ಶಿವಮೊಗ್ಗದ ಗುಜರಿ ಅಂಗಡಿಗಳಲ್ಲಿ ಹಳೆಯ ಬೀಗಗಳ ರಾಶಿಯೊಳಗೆ ಕೈಹಾಕಿ ಹುಡುಕಿದೆ. ಬರಬರುತ್ತಾ ನನಗೊಂದು ವಿಷಯ ತಿಳಿಯಿತು. ಮೊದಮೊದಲ ಬಿಲ್ಲೆಗಳು ಒಳ್ಳೆಯ ಲೋಹದವು, ಬಂಗಾರದ ಬಣ್ಣ, ಹಿಂದೆ ಗಟ್ಟಿ ಪಿನ್ನು. ಯುದ್ಧ ಮುಂದುವರಿದ ಹಾಗೆ ಹಗುರ ತಗಡು, ಆಮೇಲೆ ಗಾಜು, ಕೊನೆಗೆ ಒತ್ತಿದ ಕಾಗದ. ಲೋಹವೆಲ್ಲ ಗುಂಡುಗಳಿಗೆ ಹೋಗುತ್ತಿತ್ತು. ಆದರೂ ಬಿಲ್ಲೆ ಚುಚ್ಚುವುದು ನಿಂತಿರಲಿಲ್ಲ. ಅವನ್ನು ಸಾಲಾಗಿ ಇಟ್ಟರೆ ಮಕ್ಕಳು ತಾವೇ ಯುದ್ಧದ ಗತಿಯನ್ನು ಹೇಳುತ್ತಿದ್ದರು.

ಮೋಸವೂ ಹೋದೆ. ಗುಜರಿಯವನೊಬ್ಬ "ಅಪರೂಪದ ಮಾಲು" ಎಂದು ಕೊಟ್ಟ ಸಿಂಹದ ಮುಖದ ಬಿಲ್ಲೆಯನ್ನು ಒಂದು ವರ್ಷ ಪೂರ್ತಿ ತರಗತಿಯಲ್ಲಿ ತೋರಿಸಿ, ಅದರ ಬಗ್ಗೆ ಗಂಭೀರವಾಗಿ ಮಾತಾಡಿದ್ದೆ. ಅದು ಸರ್ಕಸ್ ಬ್ಯಾಂಡಿನವರ ಅಂಗಿಯ ಗುಂಡಿ ಎಂದು ತಿಳಿದದ್ದು ಹೊಸನಗರಕ್ಕೆ ಹೋದ ಮೇಲೆ.

ಹೊಸನಗರಕ್ಕೆ ನಾನಾಗಿ ಹೋದದ್ದಲ್ಲ. ರಾಮಣ್ಣ ಬಂದುಹೋದ ಸುದ್ದಿ ಮೇಲಿನವರ ಕಿವಿಗೆ ಬಿತ್ತು, ಮರು ಬೇಸಿಗೆಯಲ್ಲಿ ವರ್ಗದ ಆದೇಶ ಬಂತು. ಅಮ್ಮ ಅತ್ತಳು. ನಾನು ಟ್ರಂಕಿಗೆ ಹೊಸ ಬೀಗ ಕೊಂಡೆ.

ಹೊಸನಗರದಲ್ಲಿ ವಯಸ್ಸಾದ ಡಾಕ್ಟರೊಬ್ಬರಿದ್ದರು. ಹವ್ಯಕರು, ತೋಟಸ್ಥರ ಮನೆಯವರು. ಮೂವತ್ತರ ದಶಕದಲ್ಲಿ ಜರ್ಮನಿಗೆ ಹೋಗಿ ಓದಿ ಬಂದವರು. ಅವರ ಹತ್ತಿರ ಆಗಿನ ಚಿತ್ರದ ಕಾರ್ಡುಗಳ ದೊಡ್ಡ ಆಲ್ಬಮ್ಮೇ ಇದೆ ಎಂದು ಕೇಳಿ ಹೋದೆ. ಸಂತೋಷದಿಂದ ಬರಮಾಡಿಕೊಂಡರು. ನಾನು ತಂದಿದ್ದ ಬಿಲ್ಲೆಗಳನ್ನು ನೋಡಿದರು, ಸಿಂಹದ ಮುಖವನ್ನು ಹಿಡಿದು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು, ಆಮೇಲೆ ಆಲ್ಬಮ್ ತೆರೆದರು.

ಅಷ್ಟು ಸುಂದರವಾದ ಕಾರ್ಡುಗಳನ್ನು ನಾನು ಅದುವರೆಗೆ ಕಂಡಿರಲಿಲ್ಲ. ಗೋಧಿಯ ಹೊರೆ ಹೊತ್ತ ಹೆಂಗಸರು, ಹೂವು ಹಿಡಿದ ಮಕ್ಕಳು, ನೇರವಾದ ಹೊಸ ರಸ್ತೆಗಳು, ಬಾವುಟಗಳ ಕಾಡು.

"ಎಂಥಾ ಶಿಸ್ತು ನೋಡಿ. ಒಂದು ಬಾವುಟ ಓರೆಯಿಲ್ಲ" ಎಂದರು ಡಾಕ್ಟರು. "ನೀವು ಓದಿರೋದೆಲ್ಲ ಇಂಗ್ಲಿಷರು ಬರೆದದ್ದು. ನಾನು ಕಣ್ಣಾರೆ ಕಂಡವನು."

ಸುಮ್ಮನೆ ತಲೆಯಾಡಿಸಿದ್ದರೆ ಆಲ್ಬಮ್ ಅಂದೇ ಕೈಗೆ ಬರುತ್ತಿತ್ತೇನೋ. "ಡಾಕ್ಟ್ರೇ, ಇದನ್ನು ಕೊಟ್ಟರೆ ಮಕ್ಕಳಿಗೆ ಇದರೊಳಗಿನ ಸುಳ್ಳನ್ನು ತೋರಿಸ್ತೀನಿ. ಮೊದಲೇ ಹೇಳಿಬಿಡ್ತೀನಿ" ಎಂದೆ. ಅವರು ಆಲ್ಬಮ್ ಮುಚ್ಚಿದರು. "ಹಾಗಿದ್ರೆ ನೀವಿನ್ನು ಹೊರಡಬಹುದು."

ಹೊರಡುವಾಗ ಜಗಲಿಯ ಮೇಲೆ ಅವರ ಮಗ ಕೂತಿದ್ದ. ಬೆಳೆದ ಗಂಡಸು, ಆದರೆ ಹುಟ್ಟಿನಿಂದಲೇ ಕಾಲಿಗೆ ಬಲವಿಲ್ಲ, ಮಾತು ಸ್ಪಷ್ಟವಿಲ್ಲ. ನನ್ನನ್ನು ನೋಡಿ ಬಾಯ್ತುಂಬ ನಕ್ಕ. ನಾನೂ ನಕ್ಕು ಬಂದೆ.

ಕೆಲವು ದಿನಗಳ ಮೇಲೆ ಡಾಕ್ಟರ ಹೆಂಡತಿ ಶಾಲೆಗೇ ಬಂದರು. ಸೀರೆಯ ಸೆರಗಿನಲ್ಲಿ ಸುತ್ತಿದ್ದ ಆಲ್ಬಮ್ಮನ್ನು ನನ್ನ ಮೇಜಿನ ಮೇಲಿಟ್ಟರು.

"ಇದ್ನ ನಿಂಗ ಇಟ್ಕಳಿ ಅಕ್ಕೋರೆ. ಎಂಗೊಗೆ ಬ್ಯಾಡ."

"ಡಾಕ್ಟ್ರು ಕೇಳಿದರೆ?"

"ಅವಕ್ಕೆ ಆನೇ ಹೇಳ್ತಿ." ಗಂಡನಿಗೆ ತಾವೇ ಹೇಳುವುದಾಗಿ ಭರವಸೆ ಕೊಟ್ಟು, ಆಲ್ಬಮ್ಮನ್ನು ನನ್ನ ಕಡೆ ಸರಿಸಿ ಮುಂದುವರಿಸಿದರು. "ಅವು ಆ ದೇಶದ ಸುದ್ದಿ ಹೇಳಕ್ಕಾರೆ ಒಂದಿನ ಕೇಳ್ದಿ, ಎಂಗಳ ಮಾಣಿ ಅಲ್ಲಿ ಹುಟ್ಟಿದ್ರೆ ಅಲ್ಲಿಯವು ಅವನ್ನ ಎಂತ ಮಾಡ್ತಿದ್ದ ಹೇಳಿ. ಅವು ಉತ್ತರ ಕೊಟ್ಟಿದ್ವಿಲ್ಲೆ, ಎದ್ದು ಹೋದ. ಡಾಕ್ಟ್ರಲ್ದಾ, ಅವಕ್ಕೆ ಗೊತ್ತಿದ್ದು."

ಅಂಥವರನ್ನು ಆ ಸರ್ಕಾರ ಏನು ಮಾಡಿತೆಂದು ನನಗೂ ಗೊತ್ತಿತ್ತು. ಮೊದಲು ಅವರಿಗೆ ಮಕ್ಕಳಾಗದಂತೆ ಮಾಡಿದರು, ಆಮೇಲೆ ಅವರನ್ನೇ ಕೊಂದರು. ಆ ತಾಯಿಗೆ ಅದನ್ನು ನಾನು ಹೇಳಬೇಕಾಗಿರಲಿಲ್ಲ. ಗಂಡನ ಮೌನದಲ್ಲಿ ಅವರು ಅದನ್ನು ಓದಿಕೊಂಡಿದ್ದರು. ಡಾಕ್ಟರು ಆಮೇಲೆ ದಾರಿಯಲ್ಲಿ ಸಿಕ್ಕಾಗಲೆಲ್ಲ ನೆಲ ನೋಡಿ ನಡೆದರು. ಆಲ್ಬಮ್ಮನ್ನು ಮಾತ್ರ ವಾಪಸು ಕೇಳಲಿಲ್ಲ.

ಆ ಕಾರ್ಡುಗಳು ನನ್ನ ಪಾಠದ ರೀತಿಯನ್ನೇ ಬದಲಿಸಿದವು. ಅಪರಾಧಗಳ ಪಟ್ಟಿ ಕೊಡುವುದನ್ನು ನಿಲ್ಲಿಸಿದೆ. ಕಾರ್ಡು ಕೈಗೆ ಕೊಟ್ಟು, ಕಂಡದ್ದನ್ನು ಹೇಳಿ ಎನ್ನುತ್ತಿದ್ದೆ. ಅವರು ಮುಗಿಸಿದ ಮೇಲೆ, ಇಲ್ಲಿ ಯಾರು ಕಾಣುತ್ತಿಲ್ಲ ಎಂದು ಕೇಳುತ್ತಿದ್ದೆ. ಅಷ್ಟೇ ಪಾಠ. ತನಿಖೆಗೆ ಬಂದ ಅಧಿಕಾರಿಯೊಬ್ಬರು ಬೋಧನಾ ಟಿಪ್ಪಣಿ ಎಲ್ಲಿ ಎಂದು ಕೇಳಿದಾಗ ಅವರ ಕೈಗೂ ಒಂದು ಕಾರ್ಡು ಕೊಟ್ಟೆ. ಅವರಿಗೆ ಅದು ಹಿಡಿಸಲಿಲ್ಲ. ಮುಂದಿನ ವರ್ಗ ತೀರ್ಥಹಳ್ಳಿಗೆ ಆಯಿತು.

ಆ ಶಾಲೆಯ ಹೆಸರು ಬೇಡ. ಅಲ್ಲಿಯ ಒಂಬತ್ತನೇ ತರಗತಿಯಲ್ಲಿ ಚೌಡಮ್ಮ ಎಂಬ ಹುಡುಗಿಯಿದ್ದಳು. ಶರಾವತಿಯ ಹಿನ್ನೀರಿನಲ್ಲಿ ಅವರ ಗದ್ದೆ, ಮನೆ ಎರಡೂ ಮುಳುಗಿ, ಅಪ್ಪ ತೀರ್ಥಹಳ್ಳಿಗೆ ಬಂದು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಮಾತು ಕಡಿಮೆಯ ಹುಡುಗಿ. ಒಂದು ದಿನ ಗೋಧಿ ಹೊರೆಯ ಕಾರ್ಡು ಅವಳ ಸರದಿಗೆ ಬಂತು. ಯಾರು ಕಾಣ್ತಿಲ್ಲ ಎಂದು ಕೇಳಿದೆ. ಮಕ್ಕಳು ಒಬ್ಬೊಬ್ಬರಾಗಿ ಮುದುಕರು, ಕುಂಟರು ಎಂದರು. ಚೌಡಮ್ಮ ಬಹಳ ಹೊತ್ತು ನೋಡಿ, "ನಮ್ಮಂಥೋರು ಇಲ್ಲ ಅಕ್ಕೋರೆ" ಎಂದಳು.

ಆ ವರ್ಷ ಶಾಲೆಯ ಸಮಿತಿಯ ಅಧ್ಯಕ್ಷರಿಗೆ ಹೊಸ ಉತ್ಸಾಹ ಬಂದಿತ್ತು. ಪಾಕಿಸ್ತಾನದ ಜೊತೆ ಯುದ್ಧ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಎಲ್ಲೆಲ್ಲೂ ಶಿಸ್ತಿನ ಮಾತು. ಅವರು "ಶಿಸ್ತಿನ ದಿನ" ಎಂದು ಗೊತ್ತುಮಾಡಿ, ಜಿಲ್ಲೆಯಿಂದ ದೊಡ್ಡ ಅಧಿಕಾರಿಯೊಬ್ಬರನ್ನು ಕರೆಸಿದರು. "ಆದರ್ಶ ವಿದ್ಯಾರ್ಥಿ" ಎಂದು ಅಚ್ಚು ಹಾಕಿಸಿದ ತಗಡಿನ ಬಿಲ್ಲೆಗಳು ಬಂದವು. ಬಿಳಿ ಸಮವಸ್ತ್ರ, ಕಾಲಿಗೆ ಬೂಟು ಇದ್ದ ಮಕ್ಕಳಿಗೆ ಮಾತ್ರ ಬಿಲ್ಲೆ. ಅವರು ಮೈದಾನದಲ್ಲಿ ಸಾಲಾಗಿ ನಡೆಯಬೇಕು. ಉಳಿದವರು ಅಧಿಕಾರಿಯ ಕಣ್ಣಿಗೆ ಬೀಳದಂತೆ ಶಾಲೆಯ ಹಿಂದೆ, ಸೌದೆ ಕೊಟ್ಟಿಗೆಯ ಹತ್ತಿರ ಇರಬೇಕು. ಶಿಕ್ಷಕರಿಗೂ ಒಂದೊಂದು ಬಿಲ್ಲೆ ಬಂತು.

ಹೆಡ್‌ಮಾಸ್ಟರು ನನ್ನ ಎದೆ ನೋಡಿದರು. "ಏನ್ರೀ ಶಾರದಮ್ಮ, ನೀವಿನ್ನೂ ಚುಚ್ಕೊಂಡಿಲ್ವಲ್ಲ?"

"ಚುಚ್ಚಿಕೊಳ್ಳಲ್ಲ ಸಾರ್."

"ಮತ್ತೆ ನಿಮ್ಮ ಜರ್ಮನಿ ಪುರಾಣ ಶುರುವಾಯ್ತಾ? ಮಕ್ಕಳ ಬಿಲ್ಲೇನ ಅದಕ್ಕೆ ಹೋಲಿಸ್ತೀರಲ್ರೀ!"

"ಹೋಲಿಸ್ತಿಲ್ಲ. ಅಲ್ಲಿ ಆದದ್ದು ಇಲ್ಲಿ ಆಗ್ತದೆ ಅಂತ ಹೇಳ್ತಿಲ್ಲ. ಬಿಲ್ಲೆ ಇಲ್ಲದ ಮಗು ಎಲ್ಲಿ ನಿಲ್ಲಬೇಕು, ಅದಷ್ಟನ್ನು ಹೇಳಿ."

"ಹಿಂದೆ. ಹೇಳಿದೀವಲ್ಲ."

"ಹಾಗಾದರೆ ನಾನೂ ಹಿಂದೆ."

ಕೊಠಡಿಯಲ್ಲಿದ್ದ ಉಳಿದ ಶಿಕ್ಷಕರು ಕಿಟಕಿಯ ಕಡೆ ನೋಡಿದರು. ಅವರನ್ನು ದೂರುವುದಿಲ್ಲ. ಅವರಿಗೂ ಮನೆ ಮಠ ಇತ್ತು. ನನಗೂ ಇತ್ತು, ಆದರೆ ಆ ಬೆಳಿಗ್ಗೆ ಆ ತಗಡನ್ನು ಸೀರೆಗೆ ಚುಚ್ಚಿಕೊಂಡಿದ್ದರೆ ಮತ್ತೆಂದೂ ನಾನು ಟ್ರಂಕು ತೆರೆಯುವ ಹಾಗಿರಲಿಲ್ಲ.

ಮೈದಾನದಲ್ಲಿ ಬ್ಯಾಂಡ್ ಬಾರಿಸುತ್ತಿತ್ತು. ಸೌದೆ ಕೊಟ್ಟಿಗೆಯ ಹತ್ತಿರ ಮಕ್ಕಳು ತಲೆ ತಗ್ಗಿಸಿ ಗುಂಪುಗೂಡಿದ್ದರು. ಅಲ್ಲಿಯೇ ನೆಲದ ಮೇಲೆ ಕೂರಿಸಿ ಕಾರ್ಡುಗಳನ್ನು ಹಂಚಿದೆ, ಪಾಠ ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಅವರ ದನಿ ಏರಿತು. ಒಬ್ಬರ ಮೇಲೊಬ್ಬರು ಬಿದ್ದು ಉತ್ತರ ಹೇಳತೊಡಗಿದರು. ಆ ಗದ್ದಲ ಕೇಳಿಯೇ ಇರಬೇಕು, ಶಾಲೆ ನೋಡಲು ಹೊರಟ ಅಧಿಕಾರಿ ಹಿಂಬದಿಗೆ ಬಂದುಬಿಟ್ಟರು. ಹಿಂದೆ ಅಧ್ಯಕ್ಷರು, ಅವರ ಹಿಂದೆ ಬಿಳಿಚಿಕೊಂಡ ಹೆಡ್‌ಮಾಸ್ಟರು.

"ಇದೇನು?" ಎಂದರು ಅಧಿಕಾರಿ.

"ತರಗತಿ ಸಾರ್. ಇತಿಹಾಸದ ಪಾಠ ನಡೀತಿದೆ" ಎಂದೆ.

ಅವರು ಎದುರಿಗೇ ಇದ್ದ ಚೌಡಮ್ಮನನ್ನು ಕೇಳಿದರು, "ನಿನ್ನ ಬಿಲ್ಲೆ ಎಲ್ಲಮ್ಮ?"

ಅವಳು ಎದ್ದು ನಿಂತಳು. "ನಂಗೆ ಕೊಟ್ಟಿಲ್ಲ ಸಾರ್. ಬೂಟಿಲ್ಲ."

ಅಧಿಕಾರಿ ಅವಳ ಪಾದ ನೋಡಿದರು. ತಿರುಗಿ ಹೋದರು. ಅವರ ಮನಸ್ಸಿಗೆ ಏನಾದರೂ ತಟ್ಟಿತೋ, ಬಿಸಿಲು ಹೆಚ್ಚಾಯಿತೋ, ನನಗೆ ಇಂದಿಗೂ ಗೊತ್ತಿಲ್ಲ. ಒಳ್ಳೆಯ ಅಧಿಕಾರಿ ಬಂದು ಎಲ್ಲವನ್ನೂ ಸರಿಮಾಡುತ್ತಾರೆಂದು ಕಾದು ಕೂರಬೇಡಿ ಎಂದು ಮಾತ್ರ ನಿಮಗೆ ಹೇಳಬಲ್ಲೆ.

ಅಧ್ಯಕ್ಷರು ಸುಮ್ಮನಿರಲಿಲ್ಲ. ನಾನು ಶಾಲೆಗೆ ಅವಮಾನ ಮಾಡಿದೆ, ಪರದೇಶದ ಆಕ್ಷೇಪಾರ್ಹ ಚಿಹ್ನೆಗಳನ್ನು ಇಟ್ಟುಕೊಂಡು ಮಕ್ಕಳ ತಲೆ ಕೆಡಿಸುತ್ತಿದ್ದೇನೆ ಎಂದು ದೂರು ಕೊಟ್ಟರು. ವಿಚಾರಣೆಗೆ ಕರೆದರು. ಟ್ರಂಕನ್ನು ಮೇಜಿನ ಮೇಲೆ ತೆರೆಸಿದರು. ವಿಚಾರಣೆಗೆ ಬಂದಿದ್ದವರು ಕೆಟ್ಟವರಲ್ಲ, ಬೇಗ ಮುಗಿಸುವ ಆತುರದಲ್ಲಿದ್ದರು.

"ನೋಡಿಯಮ್ಮ, ಕ್ಷಮಾಪಣೆಗೆ ಒಂದು ಸಹಿ, ಇವನ್ನೆಲ್ಲ ನಾಶ ಮಾಡ್ತೀನಿ ಅಂತ ಒಂದು ಸಹಿ. ಇಲ್ಲೇ ಇರ್ತೀರಿ, ನಿಮ್ಮ ತಾಯಿಯವರಿಗೂ ತೊಂದರೆ ಇಲ್ಲ."

"ಇವನ್ನು ಮಾಡಿದವರೂ ಕೊನೆಗೆ ಸಾಕ್ಷಿಗಳನ್ನೆಲ್ಲ ನಾಶ ಮಾಡೋಕೆ ನೋಡಿದ್ರು ಸಾರ್. ಯಾರಿಗೂ ಗೊತ್ತಾಗಬಾರದು ಅಂತ. ಅವರಿಗೆ ನಾನು ಸಹಾಯ ಮಾಡಲ್ಲ" ಎಂದೆ. ಎರಡಕ್ಕೂ ಸಹಿ ಹಾಕಲಿಲ್ಲ. ಬಡ್ತಿ ಹೋಯಿತು. ಬ್ಯಾಕೋಡಿಗೆ ವರ್ಗವಾಯಿತು. ಹೊಳೆಬಾಗಿಲಿನಲ್ಲಿ ಲಾಂಚು ಹತ್ತಿ ಹಿನ್ನೀರು ದಾಟಿ ಹೋಗಬೇಕಾದ ಊರು. ಆಗ ಅಲ್ಲಿಗೆ ಹಾಕುವುದೆಂದರೆ ಶಿಕ್ಷೆಯೇ.

ಹೊರಡುವ ಮುಂಚೆ ಚೌಡಮ್ಮನ ಮನೆಗೆ ಹೋದೆ. ಅವಳು ಶಾಲೆಗೆ ಬರುವುದನ್ನು ನಿಲ್ಲಿಸಿದ್ದಳು. ಅವಳಪ್ಪ ಅಂಗಳದಲ್ಲಿ ಕೂತಿದ್ದ.

"ಒಂದ್ಸಲ ಎಲ್ಲಾ ಬಿಟ್ಟು ಬಂದಿದೀವಿ ಅಕ್ಕೋರೆ. ಇನ್ಯಾರ ಸಂಗ್ತಿಗೂ ಜಗಳ ಬ್ಯಾಡ" ಎಂದ.

"ಜಗಳ ನನ್ನದು. ಅವಳು ಓದಲಿ."

"ನೀವು ಹೋಗ್ತೀರಿ. ಆಮೇಲೆ ಇವಳನ್ನ ಯಾರು ನೋಡ್ಕಳ್ತಾರೆ?"

ಬಾಗಿಲಲ್ಲಿ ನಿಂತಿದ್ದ ಚೌಡಮ್ಮ ಹೇಳಿದಳು, "ನಾನೇ ನೋಡ್ಕಳ್ತೀನಿ ಅಪ್ಪ." ಅಪ್ಪ ಮಗಳ ಮುಖವನ್ನು ಹೊಸದಾಗಿ ಕಂಡವನಂತೆ ನೋಡಿದ. ಸೋಮವಾರ ಅವಳು ಶಾಲೆಗೆ ಹೋದಳು.

ಬ್ಯಾಕೋಡಿನಲ್ಲಿ ನನಗೆ ಯಾವ ಶಿಕ್ಷೆಯೂ ಆಗಲಿಲ್ಲ. ತನಿಖೆಗೆ ಬರಬೇಕಾದವರು ಲಾಂಚಿಗೆ ಹೆದರಿ ಬರುತ್ತಿರಲಿಲ್ಲ. ನನ್ನ ಇಷ್ಟದಂತೆ ಪಾಠ ಮಾಡಿದೆ. ಅಮ್ಮನಿಗೂ ಆ ಊರು ಒಗ್ಗಿತು.

ಮರುವರ್ಷದ ಬೇಸಿಗೆಯಲ್ಲಿ ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆ ಶಿವಮೊಗ್ಗಕ್ಕೆ ಕರೆದಿದ್ದರು. ಅಲ್ಲಿ ತೀರ್ಥಹಳ್ಳಿಯ ಹೆಡ್‌ಮಾಸ್ಟರು ಎದುರಾದರು. ತಪ್ಪಿಸಿಕೊಂಡು ಹೋಗುತ್ತಾರೆ ಅಂದುಕೊಂಡೆ. ನೇರವಾಗಿ ನನ್ನ ಹತ್ತಿರವೇ ಬಂದರು.

"ನಿಮ್ಮ ಆ ಹುಡುಗಿ, ಚೌಡಮ್ಮ. ಈ ಸಲ ಶಿಸ್ತಿನ ದಿನಕ್ಕೆ ಸಮವಸ್ತ್ರ ಹಾಕಿದ್ಲು, ಎಲ್ಲಿಂದಲೋ ಬೂಟೂ ತಂದಿದ್ಲು. ನಾನೇ ಕರೆದು ಬಿಲ್ಲೆ ಕೊಟ್ಟೆ ಕಣ್ರೀ. ಬೇಡ ಸಾರ್ ಅಂದ್ಲು. ಸೀದಾ ಹಿಂದೆ ಹೋಗಿ ಬೂಟಿಲ್ಲದ ಮಕ್ಕಳ ಜೊತೆ ನಿಂತ್ಕೊಂಡ್ಲು. ಅವಳನ್ನ ನೋಡಿ ಇನ್ನೂ ಕೆಲವರು ಬಿಲ್ಲೆ ತೆಗೆದು ನನ್ನ ಮೇಜಿನ ಮೇಲಿಟ್ಟು ಹೋದ್ರು. ಅಧ್ಯಕ್ಷರ ಮುಖ ನೋಡೋಕಾಗಲಿಲ್ಲ. ಅಲ್ರೀ, ಆ ಮಕ್ಕಳಿಗೆ ಏನ್ರೀ ಕಲಿಸಿದೀರಿ ನೀವು?"

"ಇತಿಹಾಸ, ಸಾರ್" ಎಂದೆ.